ಏಳು ವರ್ಷ ಬಳಸಿದ ಡಿಎಸ್‌ಎಲ್‌ಆರ್: ಚಿತ್ರದ ಬಗ್ಗೆ ಅಲ್ಲ, ಅದರೊಳಗಿನ ಗಡಿಯಾರದ ಬಗ್ಗೆ

ಈ ಕ್ಯಾಮೆರಾವನ್ನು ನಾನು 2017ರಲ್ಲಿ ಮೈಸೂರಿನಲ್ಲಿಯೇ ಕೊಂಡೆ. ಲೆನ್ಸ್, ಬಣ್ಣ, ಬ್ಯಾಟರಿಗಳ ಕುರಿತು ಬೇಕಾದಷ್ಟು ಜನ ಬರೆದಿದ್ದಾರೆ, ಆ ವಿಷಯದಲ್ಲಿ ನನಗೂ ದೂರಿಲ್ಲ. ನಾನು ಬರೆಯಹೊರಟಿರುವುದು ಅಂಗಡಿಯಲ್ಲಿ ಯಾರೂ ಕೇಳದ, ಕೊಳ್ಳುವಾಗ ನಾನೂ ಕೇಳದಿದ್ದ ಒಂದು ಸಣ್ಣ ಭಾಗದ ಕುರಿತು. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅಲ್ಲಿಗೂ ಕುವೆಂಪುನಗರದ ನಮ್ಮ ಮನೆಗೂ ನಡುವೆ ಓಡಾಡುವ ಕ್ಯಾಮೆರಾಕ್ಕೆ ಗಂಟೆ ಎಷ್ಟು ಎಂಬುದನ್ನು ಯಾರಾದರೂ ನೆನಪಿಟ್ಟುಕೊಂಡು ಹೇಳಬೇಕಾಗುತ್ತದೆ, ಮತ್ತು ಆ ಕೆಲಸದಲ್ಲಿ ನಾನು ಪದೇ ಪದೇ ಸೋತಿದ್ದೇನೆ.

ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುವ ಅಭ್ಯಾಸ ನಮಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದ ಸಮಯವನ್ನು ಒಂದು ಗಂಟೆ ಮುಂದಿಟ್ಟಿದ್ದರಂತೆ. ಅದು ಈಗ ಅಜ್ಜಂದಿರ ನೆನಪಿನಲ್ಲೂ ಉಳಿದಿಲ್ಲ. ಅಮೆರಿಕದ ಬಹುಭಾಗದಲ್ಲಿ 2007ರಿಂದ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರುತ್ತದೆ, ನವೆಂಬರ್ ತಿಂಗಳ ಮೊದಲ ಭಾನುವಾರ ಅಷ್ಟೇ ಹಿಂದಕ್ಕೆ ಸರಿಯುತ್ತದೆ. ಯುರೋಪಿನಲ್ಲಿ ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ನಡೆಯುತ್ತದೆ. ಹೀಗಾಗಿ ಮೈಸೂರಿಗೂ ಮಗಳ ಊರಿಗೂ ಇರುವ ಅಂತರ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ. ಫೋನು ಇದನ್ನೆಲ್ಲ ತಾನಾಗಿಯೇ ತಿಳಿದುಕೊಳ್ಳುತ್ತದೆ. ನನ್ನ ಕ್ಯಾಮೆರಾದ ಮೆನುವಿನಲ್ಲಿ ಟೈಮ್ ಜೋನ್ ಒಂದು ಕಡೆ, ಬೇಸಿಗೆಗೆ ಹೀಗೆ ಗಂಟೆ ಮುಂದಿಡುವ ಪದ್ಧತಿಗೆಂದೇ ಇರುವ ಡೇಲೈಟ್ ಸೇವಿಂಗ್ ಎಂಬ ಆನ್-ಆಫ್ ಆಯ್ಕೆ ಇನ್ನೊಂದು ಕಡೆ ಇವೆ. ಆನ್ ಮಾಡಿದರೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅಷ್ಟೇ. ಯಾವ ದಿನ ಆನ್ ಮಾಡಬೇಕು, ಯಾವ ದಿನ ತೆಗೆಯಬೇಕು ಎಂಬ ಪಂಚಾಂಗ ಅದರಲ್ಲಿಲ್ಲ.

2018ರ ಮೊದಲ ಪ್ರವಾಸ ಪೂರ್ತಿ ಬೇಸಿಗೆಯಲ್ಲಿ ಮುಗಿದದ್ದರಿಂದ ತೊಂದರೆಯಾಗಲಿಲ್ಲ. 2023ರಲ್ಲಿ ನಾವು ಫೆಬ್ರವರಿಯಲ್ಲಿ ಹೋಗಿದ್ದೆವು, ಮಾರ್ಚ್ 12ರಂದು ಸಮಯ ಬದಲಾಯಿತು. ಬೆಳಿಗ್ಗೆ ಎದ್ದು ಗೋಡೆಯ ಗಡಿಯಾರ ನೋಡಿದವನೇ ಕ್ಯಾಮೆರಾದ ಗಂಟೆಯನ್ನು ಕೈಯಿಂದಲೇ ಒಂದು ಅಂಕಿ ಮುಂದಿಟ್ಟೆ. ಎರಡು ದಿನಗಳ ನಂತರ ಮೆನುವಿನಲ್ಲಿ ಏನನ್ನೋ ಹುಡುಕುವಾಗ ಡೇಲೈಟ್ ಸೇವಿಂಗ್ ಆಫ್ ಇರುವುದನ್ನು ಕಂಡು, ಇದನ್ನು ಮರೆತಿದ್ದೆನಲ್ಲ ಎಂದುಕೊಂಡು ಅದನ್ನೂ ಆನ್ ಮಾಡಿದೆ. ಕ್ಯಾಮೆರಾ ಒಂದು ಗಂಟೆ ಮುಂದೆ ಓಡತೊಡಗಿತು. ಮಾರ್ಚ್ 22ರ ಯುಗಾದಿಯ ದಿನ ಮನೆಯವರ ಫೋನಿನ ಚಿತ್ರಗಳನ್ನೂ ನನ್ನವನ್ನೂ ಒಂದೇ ಆಲ್ಬಮ್ಮಿಗೆ ಸೇರಿಸಿದಾಗ, ಮೊಮ್ಮಗಳು ಮೊದಲು ಹೊಟ್ಟೆ ತುಂಬ ತಿಂಡಿ ತಿಂದು, ಆಮೇಲೆ ಎಣ್ಣೆ ಹಚ್ಚಿಸಿಕೊಂಡು ಸ್ನಾನಕ್ಕೆ ಹೋಗಿ, ಕೊನೆಗೆ ಬೇವು-ಬೆಲ್ಲಕ್ಕೆ ಮುಖ ಸಿಂಡರಿಸುತ್ತಿದ್ದಳು. ನನ್ನಾಕೆ ಇದನ್ನು ನೋಡಿ, "ನಿಮ್ಮ ಯುಗಾದಿ ಯಾವ ಊರಿನದು ರೀ?" ಎಂದು ಕೇಳಿದಳು.

ಆ ತಪ್ಪನ್ನು ಅಂದೇ ಕೈಯಿಂದ ಸರಿಪಡಿಸಿದೆ, ಆದರೆ ಆನ್ ಮಾಡಿದ್ದನ್ನು ಆಫ್ ಮಾಡಲಿಲ್ಲ. ಮೇ ತಿಂಗಳಲ್ಲಿ ಊರಿಗೆ ಬಂದ ಮೇಲೆ ಟೈಮ್ ಜೋನನ್ನು ಭಾರತಕ್ಕೆ ಬದಲಾಯಿಸಿ ನಿಶ್ಚಿಂತನಾದೆ. ಡೇಲೈಟ್ ಸೇವಿಂಗ್ ಎಂಬುದೇ ಇಲ್ಲದ ದೇಶದಲ್ಲಿ ಅದು ಆನ್ ಆಗಿಯೇ ಉಳಿದಿದ್ದರೂ ಕ್ಯಾಮೆರಾ ಒಂದು ಮಾತು ಹೇಳಲಿಲ್ಲ. ಇದು ಈ ಮೆನುವಿನ ಅತಿ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಜೂನ್ ತಿಂಗಳಲ್ಲಿ ಚಾಮುಂಡಿ ಬೆಟ್ಟದಿಂದ ತೆಗೆದ ಸೂರ್ಯೋದಯದ ಚಿತ್ರದ ಮೇಲೆ ಏಳು ಗಂಟೆ ಎಂದು ದಾಖಲಾಗಿತ್ತು. ಆ ತಿಂಗಳಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರರ ಆಸುಪಾಸಿನಲ್ಲಿ ಎಂಬುದು ಗೊತ್ತಿದ್ದೂ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಗುಟ್ಟು ರಟ್ಟು ಮಾಡಿದ್ದು ಅರಮನೆ. ಒಂದು ಭಾನುವಾರ ಸಂಜೆ ಏಳಕ್ಕೆ ಸರಿಯಾಗಿ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡ ಕ್ಷಣವನ್ನು ಹಿಡಿದಿದ್ದೆ, ಚಿತ್ರದಲ್ಲಿ ಮಾತ್ರ ಎಂಟು ಗಂಟೆ ಎಂದಿತ್ತು. ಅಂದಿನಿಂದ ಕ್ಯಾಮೆರಾದ ಗಡಿಯಾರವನ್ನು ಪರೀಕ್ಷಿಸಬೇಕಾದಾಗಲೆಲ್ಲ ನಾನು ನಂಬುವುದು ಅರಮನೆಯ ದೀಪವನ್ನು.

ತೆಗೆದಾಗಿದ್ದ ನೂರಾರು ಚಿತ್ರಗಳನ್ನು ಸರಿಪಡಿಸಲು ಫಿಲ್ ಹಾರ್ವೆ ಎಂಬುವವರು ರೂಪಿಸಿ ಉಚಿತವಾಗಿ ಕೊಟ್ಟಿರುವ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶವನ್ನು ಬಳಸಿದೆ. ಅದರಲ್ಲಿ ಗುಂಡಿಗಳಿಲ್ಲ, ಆದೇಶವನ್ನು ಟೈಪ್ ಮಾಡಬೇಕು. ನನ್ನ ವಯಸ್ಸಿನವರಿಗೆ ಮೊದಲ ದಿನ ಕಷ್ಟವೇ. ಆದರೆ ಒಂದು ಫೋಲ್ಡರಿನ ಎಲ್ಲ ಚಿತ್ರಗಳ ಸಮಯದಿಂದ ಒಂದು ಗಂಟೆ ಕಳೆ ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಕೆಲಸ ಮುಗಿಯುತ್ತದೆ, ಮೂಲ ಕಡತವನ್ನೂ ಬೇರೆ ಹೆಸರಿನಲ್ಲಿ ಉಳಿಸಿಕೊಡುತ್ತದೆ. ಎಚ್ಚರ ಬೇಕಾದದ್ದು ಒಂದೇ: ಆಯಿತೋ ಇಲ್ಲವೋ ಎಂಬ ಸಂಶಯದಿಂದ ಅದೇ ಆದೇಶವನ್ನು ಎರಡನೆಯ ಸಲ ಕೊಟ್ಟರೆ ಇನ್ನೊಂದು ಗಂಟೆಯೂ ಹೋಗುತ್ತದೆ. ಇಷ್ಟೆಲ್ಲ ಏಕೆ ಬೇಕಾಯಿತೆಂದರೆ, ಚಿತ್ರದ ಜೊತೆ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿ ದಿನಾಂಕ ಮತ್ತು ಗಂಟೆ ಇರುತ್ತಿದ್ದವೇ ಹೊರತು ಅದು ಯಾವ ಊರಿನ ಗಂಟೆ ಎಂಬುದು ಇರುತ್ತಿರಲಿಲ್ಲ. ಅದನ್ನು ನಮೂದಿಸುವ ಜಾಗ ಬಂದದ್ದು 2016ರ 2.31ನೆಯ ಆವೃತ್ತಿಯಲ್ಲಿ. ನನ್ನ ಕ್ಯಾಮೆರಾ ಆ ಜಾಗವನ್ನು ಬಳಸುವುದಿಲ್ಲ.

ಈ ದಡ್ಡ ಗಡಿಯಾರವೇ ಒಮ್ಮೆ ನನ್ನ ಮಾನ ಉಳಿಸಿದ್ದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 2024ರ ನವೆಂಬರ್ 2, ಶನಿವಾರ, ಬಲಿಪಾಡ್ಯಮಿಯ ರಾತ್ರಿ ಮಗಳ ಮನೆಯಲ್ಲಿ ನಾಲ್ಕಾರು ಕನ್ನಡದ ಕುಟುಂಬಗಳು ಸೇರಿದ್ದವು. ಮಾತು, ಇಸ್ಪೀಟು, ಮತ್ತೊಂದು ಸುತ್ತು ಕಾಫಿ ಎನ್ನುತ್ತ ಎರಡು ಗಂಟೆ ದಾಟಿತು, ಅಂದರೆ ಅಮೆರಿಕದ ಲೆಕ್ಕದಲ್ಲಿ ಎರಡಾಗುವ ಹೊತ್ತಿಗೆ ಮತ್ತೆ ಒಂದಾಯಿತು. ಮರುದಿನ ಎಲ್ಲರ ಫೋನಿನ ಚಿತ್ರಗಳನ್ನು ಕಲೆಹಾಕಿದರೆ, ಆಲ್ಬಮ್ ಸ್ಥಳೀಯ ಸಮಯವನ್ನೇ ಹಿಡಿದು ಜೋಡಿಸಿದ್ದರಿಂದ, ಬಾಗಿಲಲ್ಲಿ ನಿಂತು ಹೊರಡುತ್ತಿದ್ದವರೇ ಮುಂದಿನ ಚಿತ್ರದಲ್ಲಿ ಕುಳಿತು ಇಸ್ಪೀಟಿನ ಎಲೆ ಹಂಚುತ್ತಿದ್ದರು. ನಾನು ಆ ರಾತ್ರಿ ಕ್ಯಾಮೆರಾವನ್ನು ಮುಟ್ಟಿರಲಿಲ್ಲ. ಅದು ಒಂದು, ಎರಡು, ಮೂರು ಎಂದು ತನ್ನ ಪಾಡಿಗೆ ಎಣಿಸುತ್ತ ಹೋಗಿತ್ತು. ಯಾರು ಮೊದಲು ಎದ್ದು ಹೋದರು ಎಂಬುದು ನನ್ನ ಮೆಮೊರಿ ಕಾರ್ಡಿನಲ್ಲಿ ಮಾತ್ರ ಸರಿಯಾಗಿತ್ತು.

ಇತರ ವಿಷಯಗಳು ಚಿಕ್ಕವು. ಗಡಿಯಾರ ವರ್ಷಕ್ಕೆ ಎರಡು ಮೂರು ನಿಮಿಷ ತಪ್ಪುತ್ತದೆ. ಬ್ಯಾಟರಿ ತೆಗೆದು ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ದಿನಾಂಕವೇ ಅಳಿಸಿಹೋಗುತ್ತದೆ, ಏಕೆಂದರೆ ಗಡಿಯಾರದ ಒಳಬ್ಯಾಟರಿಗೆ ಜೀವ ಬರುವುದು ಮುಖ್ಯ ಬ್ಯಾಟರಿಯಿಂದ.

ಚಿತ್ರಗಳಿಗೆ ಐದರಲ್ಲಿ ನಾಲ್ಕೂವರೆ, ಗಡಿಯಾರದ ಮೆನುವಿಗೆ ಎರಡು ಅಂಕ ಕೊಡುತ್ತೇನೆ. ಈಗ ಪ್ರವಾಸದಲ್ಲಿ ಗಂಟೆಯನ್ನು ನಾನು ಬದಲಾಯಿಸುವುದೇ ಇಲ್ಲ. ಕ್ಯಾಮೆರಾ ಯಾವಾಗಲೂ ಮೈಸೂರಿನ ಸಮಯದಲ್ಲಿರುತ್ತದೆ, ಡೇಲೈಟ್ ಸೇವಿಂಗ್ ಸದಾ ಆಫ್. ತಲುಪಿದ ದಿನ ಮತ್ತು ಸಮಯ ಬದಲಾದ ಮರುದಿನ ಫೋನಿನ ಗಡಿಯಾರದ ಒಂದೊಂದು ಚಿತ್ರ ತೆಗೆದುಕೊಳ್ಳುತ್ತೇನೆ. ಊರಿಗೆ ಬಂದ ಮೇಲೆ ಆ ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡು ಒಂದು ಕಂತಿನಿಂದ ಹತ್ತೂವರೆ ಗಂಟೆ, ಇನ್ನೊಂದು ಕಂತಿನಿಂದ ಒಂಬತ್ತೂವರೆ ಗಂಟೆ ಕಳೆಯುತ್ತೇನೆ. ನನ್ನಾಕೆ ಅಷ್ಟನ್ನೂ ನಂಬದೆ, ಕ್ಯಾಮೆರಾ ಚೀಲದ ಒಳಗೆ "ಗಡಿಯಾರ ನೋಡಿ" ಎಂದು ಬರೆದ ಚೀಟಿಯೊಂದನ್ನು ಅಂಟಿಸಿದ್ದಾಳೆ.