ಹೊಸಬರ ತಂಡಕ್ಕೆ ಸಿಂಥೆಟಿಕ್ ಆಸ್ಟ್ರೇಲಿಯನ್ ಫುಟ್‌ಬಾಲ್ ಚೆಂಡು: ಕೊಳ್ಳಬಹುದೇ?

ಕಬಡ್ಡಿ, ವಾಲಿಬಾಲ್ ಆಡುವ ಹುಡುಗರನ್ನು ಸೇರಿಸಿಕೊಂಡರೆ ಆಸ್ಟ್ರೇಲಿಯನ್ ರೂಲ್ಸ್ (ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಒದೆಯುವ ಫುಟ್‌ಬಾಲ್) ತಂಡಕ್ಕೆ ಹಿಡಿತ, ಜಿಗಿತ ಬೇಗ ಸಿಗುತ್ತದೆ. ಒದೆತ ಸಿಗುವುದಿಲ್ಲ. ಸಾಲಿನ ಮಧ್ಯದ ಎರಡು ಕಂಬಗಳ ನಡುವೆ ಒದ್ದರೆ 6 ಅಂಕ, ಅವುಗಳ ಆಚೆ ಪಕ್ಕದ ಕಂಬದವರೆಗಿನ ಜಾಗಕ್ಕೆ ಸರಿದರೆ 1. ಹಾಗಾಗಿ ಹೊಸಬರ ಬೆಲೆ ನಿಂತಿರುವುದು ಚೆಂಡಿನ ಅಭ್ಯಾಸದ ಮೇಲೆ.

ಚಿಕ್ಕಮಗಳೂರಿನ ಮಳೆಗೆ ಸಿಂಥೆಟಿಕ್ ಚೆಂಡೇ ಸರಿ. ಚರ್ಮದ್ದು ನೀರು ಕುಡಿದು ಭಾರವಾಗುತ್ತದೆ. ಆದರೆ ನುಣುಪಾದದ್ದು ಬೇಡ, ಒದ್ದೆಯಾದಾಗ ಜಾರುತ್ತದೆ. ತರಿತರಿ ಮೇಲ್ಮೈಯದನ್ನೇ ಕೇಳಿ. ಗಂಡಸರಿಗೆ 5ನೇ ಸೈಜ್, ಹೆಂಗಸರಿಗೆ 4. ಗಾಳಿ 9ರಿಂದ 11 ಪಿಎಸ್‌ಐ. ಪಂಪಿನ ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಿ, ಇಲ್ಲದಿದ್ದರೆ ವಾಲ್ವ್ ಹರಿದುಹೋಗಬಹುದು.

ಒದೆಯುವಾಗ ಚೆಂಡನ್ನು ನೆಟ್ಟಗೆ ಹಿಡಿದು, ಮೇಲಕ್ಕೆಸೆಯದೆ ಪಾದದ ಮೇಲೆ ಬೀಳಬಿಡಬೇಕು. ಕೆಳತುದಿಗೆ ಏಟು ಬಿದ್ದರೆ ಹಿಮ್ಮುಖವಾಗಿ ತಿರುಗುತ್ತ ನೇರ ಹೋಗುತ್ತದೆ. ಕೈಬಿಡುವಾಗ ಓರೆಯಾದರೆ ಎಷ್ಟು ಬಲ ಹಾಕಿದರೂ ಪಕ್ಕಕ್ಕೇ! ಪಾಸ್ ಕೊಡುವಾಗ ಎಸೆಯುವಂತಿಲ್ಲ, ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಬೇರೆ ಆಟಗಳ ರೂಢಿಯಿಂದ ಎಸೆದರೆ ಎದುರಾಳಿಗೆ ಫ್ರೀ ಕಿಕ್. 18 ಜನರಿಗೆ ಒಂದೇ ಚೆಂಡು ತಂದರೆ ದುಡ್ಡು ದಂಡ, ಇಬ್ಬರಿಗೊಂದಾದರೂ ಇರಲಿ.