ಲೋಹದ ನೊರೆಯೋ, ಜಾಲರಿಯೋ?

ಮಂಗಳೂರಿನ ಬೈಕಂಪಾಡಿಯಲ್ಲಿ ಗೆಳೆಯರೊಬ್ಬರು ಅಲ್ಯೂಮಿನಿಯಂ ನೊರೆಯ ತುಂಡು ಕೊಯ್ದು ತೋರಿಸಿದರು. ಒಳಗೆ ಮೂಡೆ (ಎಲೆಯಲ್ಲಿ ಬೇಯಿಸಿದ ಇಡ್ಲಿ) ಕೊಯ್ದ ಹಾಗೆ ಸಣ್ಣ, ದೊಡ್ಡ ತೂತುಗಳು. ಕರಗಿದ ಲೋಹವನ್ನು ಕ್ಯಾಲ್ಸಿಯಂ ಹಾಕಿ ದಪ್ಪ ಮಾಡಿ, ಟೈಟಾನಿಯಂ ಹೈಡ್ರೈಡ್ ಪುಡಿ ಕಲಸುತ್ತಾರೆ. ಅದು ಹೈಡ್ರೋಜನ್ ಬಿಟ್ಟಾಗ ಲೋಹ ಹಿಟ್ಟಿನಂತೆ ಉಬ್ಬುತ್ತದೆ. ಪ್ರತಿ ತೂತಿನ ಅಳತೆ ನಮ್ಮ ಕೈಯಲ್ಲಿರುವುದಿಲ್ಲ.

ಕಡ್ಡಿಗಳನ್ನು ಜೋಡಿಸಿ ಕಟ್ಟಿದ ಲೋಹದ ಜಾಲರಿ ಹಾಗಲ್ಲ. ಹಂಚಿನ ಮಾಡಿನ ಪಕ್ಕಾಸು, ರೀಪಿನ ಹಾಗೆ ಪ್ರತಿ ಕಡ್ಡಿಗೂ ಜಾಗ ಗೊತ್ತು. ಲೇಸರ್‌ನಲ್ಲಿ ಪದರ ಪದರವಾಗಿ ಮುದ್ರಿಸಿದರೆ ಖರ್ಚು ಜಾಸ್ತಿ. ಆದರೆ ಸಾಂದ್ರತೆ ಅರ್ಧ ಮಾಡಿದರೆ ತ್ರಿಕೋನ ಕಟ್ಟಿನ ಜಾಲರಿಯ ಬಿಗಿತ (ಭಾರಕ್ಕೆ ಬಾಗದೆ ನಿಲ್ಲುವ ಗುಣ) ಸುಮಾರು ಅರ್ಧಕ್ಕೆ ಇಳಿಯುತ್ತದೆ, ತೆರೆದ (ಒಂದಕ್ಕೊಂದು ಕೂಡಿದ) ತೂತಿನ ನೊರೆಯದ್ದು ಕಾಲು ಭಾಗಕ್ಕೆ. ದೊಡ್ಡ ವ್ಯತ್ಯಾಸ ಅಲ್ವಾ?

ಡಿಕ್ಕಿಯ ಪೆಟ್ಟು ನುಂಗಲು ನೊರೆಯೇ ಸಾಕು. ಹಗುರವಾಗಿಯೂ ಭಾರ ಹೊರಬೇಕಾದರೆ ಜಾಲರಿ ತೆಗೆದುಕೊಳ್ಳಿ. ಯಾವುದಾದರೂ ಸರಿ, ನಮ್ಮ ಕಡಲಿನ ಉಪ್ಪುಗಾಳಿ ಒಳಗೆ ಹೋಗದ ಹಾಗೆ ಮುಚ್ಚಿ.