ಫೈಕಾ ಕಾರ್ಡ್: ರೋಗಿಯನ್ನು ಕೇಳುತ್ತದೆ ಸರಿ, ಡಾಕ್ಟರನ್ನು ಕೇಳುವವರು ಯಾರು?

ರೋಗಿಯ ನಂಬಿಕೆಯ ವಿಚಾರ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಫಾರಂನ 'ಧರ್ಮ' ಕಾಲಂ ತುಂಬುವಷ್ಟಕ್ಕೇ ಮುಗಿದುಹೋಗುತ್ತದೆ. ಆ ಕೊರತೆ ನೀಗಲೆಂದು ಅಮೆರಿಕದ ವೈದ್ಯೆ ಕ್ರಿಸ್ಟೀನಾ ಪುಚಾಲ್ಸ್ಕಿ ಮತ್ತು ಸಂಗಡಿಗರು 1996ರಲ್ಲಿ ರೂಪಿಸಿದ ಪ್ರಶ್ನಾವಳಿಯೇ ಫೈಕಾ (FICA). ಜೇಬಿನ ಕಾರ್ಡಿನಲ್ಲಿ ಹಿಡಿಸುವ ನಾಲ್ಕು ವಿಷಯ: ಎಫ್ ಎಂದರೆ ನಂಬಿಕೆ, ಐ ಎಂದರೆ ಚಿಕಿತ್ಸೆಯ ತೀರ್ಮಾನಗಳ ಮೇಲೆ ಅದರ ಪ್ರಭಾವ, ಸಿ ಎಂದರೆ ಬೆನ್ನಿಗಿರುವ ಸಮುದಾಯ, ಎ ಎಂದರೆ ಇದನ್ನೆಲ್ಲ ಚಿಕಿತ್ಸೆಯಲ್ಲಿ ಹೇಗೆ ಗಮನಿಸಬೇಕು ಎಂಬುದು.

ಇದರ ಜೀವಾಳ ಐ. ರಕ್ತ ಹಾಕಿಸಿಕೊಳ್ಳಲು ಒಪ್ಪದ ಕ್ರೈಸ್ತ ಪಂಥವೊಂದಿದೆ, ಯೆಹೋವನ ಸಾಕ್ಷಿಗಳು. 'ನಾನು ಯೆಹೋವನ ಸಾಕ್ಷಿ' ಎಂದು ರೋಗಿ ಹೇಳಿದರೆ ಎಫ್ ಮುಗಿಯಿತು, ಆದರೆ ಸರ್ಜನ್‌ಗೆ ಬೇಕಾದ್ದು ಇನ್ನೂ ಸಿಕ್ಕಿಲ್ಲ. ಕೆಂಪು ರಕ್ತಕಣ, ಬಿಳಿ ರಕ್ತಕಣ, ಪ್ಲೇಟ್ಲೆಟ್, ಪ್ಲಾಸ್ಮಾ ಬೇಡವೆಂಬುದು ಅವರ ಸಾಮಾನ್ಯ ನಿಲುವು. ರಕ್ತದಿಂದ ಬೇರ್ಪಡಿಸಿದ ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್‌ನಂಥ ಪ್ರೋಟೀನುಗಳು, ಆಪರೇಷನ್ ವೇಳೆ ಸೋರಿದ ಸ್ವಂತ ರಕ್ತವನ್ನೇ ಯಂತ್ರದಲ್ಲಿ ಶೋಧಿಸಿ ಮರಳಿ ಕೊಡುವುದು, ಇವೆಲ್ಲ ಒಬ್ಬೊಬ್ಬರ ಸ್ವಂತ ನಿರ್ಧಾರ. ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಿ, ಆಪರೇಷನ್‌ಗೆ ಮೊದಲೇ ಬರೆದಿಡದಿದ್ದರೆ ರಕ್ತಸ್ರಾವದ ನಡುವೆ ಊಹೆಯೇ ಗತಿ.

ಡಾಕ್ಟರರ ಸ್ವಂತ ನಂಬಿಕೆ ನುಸುಳುವುದೂ ಇಲ್ಲೇ. ಇನ್ಸುಲಿನ್ ತೆಗೆದುಕೊಳ್ಳುವ ರೋಗಿ ರಂಜಾನ್ ಉಪವಾಸ ಹಿಡಿಯುತ್ತೇನೆ ಎನ್ನುತ್ತಾರೆ ಎಂದುಕೊಳ್ಳಿ. ತಾವೂ ಉಪವಾಸ ಮಾಡುವ ಡಾಕ್ಟರು ಸಕ್ಕರೆ ಕುಸಿಯುವ ಅಪಾಯವನ್ನು ಹಗುರವಾಗಿ ಕಾಣಬಹುದು. ನಂಬಿಕೆಯಿಲ್ಲದವರು 'ಬಿಟ್ಟುಬಿಡಿ' ಎಂದು ಮಾತು ಮುಗಿಸಬಹುದು. ಎರಡನೆಯದರಲ್ಲಿ ರೋಗಿ ಹೇಳದೆಯೇ ಉಪವಾಸ ಮಾಡುತ್ತಾರೆ, ಡೋಸ್ ಮಾತ್ರ ಹಳೆಯದೇ ಉಳಿಯುತ್ತದೆ. ಅದು ಇನ್ನೂ ಅಪಾಯ.

ಎ ಹಂತ ಕಾರ್ಡಿನ ದುರ್ಬಲ ಜಾಗ. 'ನಾನು ಏನು ಮಾಡಲಿ?' ಎಂದು ರೋಗಿಯನ್ನು ಕೇಳಿದ ಮೇಲೆ 'ಪ್ರಾರ್ಥನೆ ಮಾಡೋಣವೇ?' ಎಂಬ ಮಾತೂ ಡಾಕ್ಟರರ ಬಾಯಿಂದಲೇ ಬಂದರೆ, ಹಾಸಿಗೆಯಲ್ಲಿ ಮಲಗಿದವರಿಗೆ ಬೇಡವೆನ್ನುವುದು ಕಷ್ಟ. ಆ ಮಾತು ರೋಗಿಯಿಂದಲೇ ಬರಬೇಕು. ರೋಗಿಯ ಅಸಹಾಯಕತೆಯನ್ನು ಬಳಸಿಕೊಳ್ಳುವಂತೆ ಸ್ವಂತ ನಂಬಿಕೆ ವ್ಯಕ್ತಪಡಿಸಬಾರದು ಎಂದು ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ಸ್ಪಷ್ಟವಾಗಿಯೇ ಹೇಳಿದೆ.

ಆಡಿದ ಮಾತಿಗಿಂತ ಆಡದೆ ಉಳಿದದ್ದು ಹೆಚ್ಚು ಹಾನಿ ಮಾಡುತ್ತದೆ. 2007ರಲ್ಲಿ ಪ್ರಕಟವಾದ, 1,144 ಅಮೆರಿಕನ್ ವೈದ್ಯರ ಸಮೀಕ್ಷೆಯಲ್ಲಿ, ತಮಗೆ ನೈತಿಕವಾಗಿ ಒಪ್ಪದ ಚಿಕಿತ್ಸೆಯಾದರೂ ಎಲ್ಲ ಆಯ್ಕೆಗಳನ್ನು ತಿಳಿಸಲೇಬೇಕು ಎಂದವರು ಶೇ. 86, ಬೇರೆ ವೈದ್ಯರ ಬಳಿ ಕಳಿಸಲೇಬೇಕು ಎಂದವರು ಶೇ. 71. ಉಳಿದವರು ಹಾಗೆ ಹೇಳಲಿಲ್ಲ. ತುರ್ತು ಗರ್ಭನಿರೋಧಕದ ಉದಾಹರಣೆ ನೋಡಿ: ಲೆವೊನೊರ್ಜೆಸ್ಟ್ರೆಲ್ ಮಾತ್ರೆಯನ್ನು ಲೈಂಗಿಕ ಸಂಪರ್ಕದ ನಂತರ 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಬೇಕು. ತಮಗೆ ಒಪ್ಪದೆಂದು ಡಾಕ್ಟರು ಸುಮ್ಮನಿದ್ದರೆ ಆ ಗಂಟೆಗಳು ಅಲ್ಲೇ ಕರಗುತ್ತವೆ. ಇಂಥ ಮೌನವನ್ನು ಹಿಡಿಯುವ ಪ್ರಶ್ನೆ ಈ ನಾಲ್ಕರಲ್ಲಿ ಇಲ್ಲ.

ಆದ್ದರಿಂದ ಕಾರ್ಡ್ ಬಳಸುವವರು ಅದೇ ನಾಲ್ಕು ಪ್ರಶ್ನೆಗಳನ್ನು ಮೊದಲು ತಮಗೇ ಹಾಕಿಕೊಳ್ಳಬೇಕು. ಯಾವ ಚಿಕಿತ್ಸೆ ತಮ್ಮಿಂದಾಗದು ಎಂದು ಪಟ್ಟಿ ಮಾಡಿ, ಅದಕ್ಕೆ ಯಾರ ಬಳಿ ಕಳಿಸುವುದೆಂದು ಹೆಸರು, ಫೋನ್ ನಂಬರ್ ಸಮೇತ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ರೋಗಿ ಎದುರು ಕೂತ ಮೇಲೆ ಹುಡುಕಲು ಹೊರಟರೆ ತಡವಾಯಿತು. ರೋಗಿಗಳೂ ನೇರವಾಗಿ ಒಂದು ಮಾತು ಕೇಳಬಹುದು: 'ಡಾಕ್ಟ್ರೇ, ನೀವು ಕೊಡದಿದ್ದರೂ ಬೇರೆಯವರು ಕೊಡುವ ಚಿಕಿತ್ಸೆ ಇದಕ್ಕೆ ಏನಾದರೂ ಇದೆಯಾ?'